ಇದೆಲ್ಲ ಕನಸಲ್ಲ ಅಂತ ಹೇಗೆ ಗೊತ್ತು?

ಪ್ರಶ್ನೆ: ಕನಸು ಕಾಣುವಾಗ ಅದು ಕನಸು ಅಂತ ಅನ್ನಿಸುವುದೇ ಇಲ್ಲ. ಹಾಗಾದರೆ ಈಗ ಎದುರಿಗೆ ಕಾಣುವ ಗೋಡೆ, ಮೇಜು ನಿಜವಾಗಿಯೂ ಹೊರಗೆ ಇವೆ ಅಂತ ನನಗೆ ಹೇಗೆ ಗೊತ್ತು? ಇದು ಸುಮ್ನೆ ನಂಬಿಕೆ ಅಷ್ಟೇ ಅಲ್ವಾ?

ಉತ್ತರ: ಈ ಸಂಶಯ ಹಳೆಯದು. ಫ್ರೆಂಚ್ ತತ್ತ್ವಜ್ಞಾನಿ ಡೆಕಾರ್ಟ್ 1641ರಲ್ಲಿ ಇದನ್ನೇ ಬರೆದ. ಬೆಂಕಿಯ ಪಕ್ಕ ನಿಲುವಂಗಿ ತೊಟ್ಟು, ಕೈಯಲ್ಲಿ ಕಾಗದ ಹಿಡಿದು ಕೂತಿದ್ದೇನೆ, ಇದರಲ್ಲಿ ಸಂಶಯಪಡಲು ಏನಿದೆ? ಆದರೆ ಹಾಸಿಗೆಯಲ್ಲಿ ಮಲಗಿದ್ದಾಗಲೂ ಹೀಗೇ ಕೂತ ಹಾಗೆ ಕನಸು ಬಿದ್ದಿದೆಯಲ್ಲ! ಅವನಿಗಿಂತ ಸಾವಿರ ವರ್ಷಕ್ಕೂ ಮೊದಲೇ ಬೌದ್ಧ ಚಿಂತಕ ವಸುಬಂಧು, ಹೊರಗೆ ವಸ್ತು ಇಲ್ಲದೆಯೂ ಅನುಭವ ಆಗಬಹುದು ಎನ್ನಲು ಕನಸನ್ನೇ ತೋರಿಸಿದ್ದ.

ಇಂಥ ವಾದಕ್ಕೆ ಶಂಕರರು ಬ್ರಹ್ಮಸೂತ್ರ ಭಾಷ್ಯದಲ್ಲಿ ಕೊಟ್ಟ ಉತ್ತರ ನನಗೆ ಇಷ್ಟ. ಕನಸಿನಲ್ಲಿ ಕಂಡದ್ದು ಎಚ್ಚರವಾದ ಕೂಡಲೇ ಸುಳ್ಳಾಗುತ್ತದೆ. ಎಚ್ಚರದಲ್ಲಿ ಕಂಡ ಕಂಬ ಹಾಗೆ ಸುಳ್ಳಾಗುವುದಿಲ್ಲ. (ಜಗತ್ತು ಮಿಥ್ಯೆ ಅಂದವರೂ ಅವರೇ. ಅದು ಬೇರೆ ಲೆಕ್ಕ.)

ಆದರೆ ಎಚ್ಚರವೇ ಆಗದಿದ್ದರೆ? ನೀವು ತೊಟ್ಟಿಯಲ್ಲಿಟ್ಟ ಬರೀ ಮಿದುಳು, ಕಾಣುವುದನ್ನೆಲ್ಲ ಕಂಪ್ಯೂಟರ್ ಕಳಿಸುತ್ತಿದೆ ಅಂದುಕೊಳ್ಳಿ. ಹುಟ್ಟಿದಾಗಿನಿಂದ ಅಲ್ಲೇ ಇರುವ ಮಿದುಳು 'ತೊಟ್ಟಿ' ಅಂದರೆ ಆ ಮಾತು ನಿಜವಾದ ತೊಟ್ಟಿಗೆ ತಾಗುವುದೇ ಇಲ್ಲ (ಅದಕ್ಕೆ ಗೊತ್ತಿರುವುದು ಕಂಪ್ಯೂಟರ್ ಕಳಿಸಿದ ತೊಟ್ಟಿಯ ಚಿತ್ರ ಮಾತ್ರ), ಹಾಗಾಗಿ 'ನಾನು ತೊಟ್ಟಿಯಲ್ಲಿರುವ ಮಿದುಳು' ಎಂಬುದು ಸುಳ್ಳೇ ಆಗುತ್ತದೆ ಅಂತ ಅಮೆರಿಕದ ತತ್ತ್ವಜ್ಞಾನಿ ಹಿಲರಿ ಪಟ್ನಮ್ 1981ರಲ್ಲಿ ವಾದಿಸಿದ. ಜಾಣ ಉತ್ತರವೇ. ಆದರೆ ನಿನ್ನೆ ರಾತ್ರಿಯಷ್ಟೇ ತೊಟ್ಟಿಗೆ ಹಾಕಿದ ಮಿದುಳಿನ ಮುಂದೆ ಇದು ನಡೆಯುವುದಿಲ್ಲ; ಅದು ನಿಜವಾದ ತೊಟ್ಟಿ ಕಂಡೇ ಆ ಮಾತು ಕಲಿತಿರುತ್ತದೆ.

ನಾನು ಜಾಸ್ತಿ ಒಪ್ಪುವುದು ಇಂಗ್ಲಿಷ್ ತತ್ತ್ವಜ್ಞಾನಿ ಜಿ. ಇ. ಮೂರ್ ದಾರಿಯನ್ನು. 1939ರ ಒಂದು ಉಪನ್ಯಾಸದಲ್ಲಿ ಅವನು ಒಂದು ಕೈ ಎತ್ತಿ 'ಇಗೋ ಒಂದು ಕೈ' ಅಂದ, ಇನ್ನೊಂದನ್ನು ಎತ್ತಿ 'ಇಗೋ ಇನ್ನೊಂದು' ಅಂದ. ಹೊರಗೆ ವಸ್ತುಗಳಿವೆ ಎನ್ನಲು ಅಷ್ಟು ಸಾಕಂತೆ. ಸಾಬೀತು ಮಾಡಬೇಕಾದ್ದನ್ನೇ ಮೊದಲೇ ಒಪ್ಪಿಕೊಂಡ ಹಾಗಾಯಿತು ಅಂತೀರಿ. ಆ ಆಕ್ಷೇಪ ಸರಿಯೇ. ಆದರೆ ಸಂಶಯವಾದಿಯೂ ಒಂದನ್ನು ಸದ್ದಿಲ್ಲದೆ ಒಪ್ಪಿಕೊಂಡಿದ್ದಾನೆ: ತಪ್ಪಾಗುವ ಎಲ್ಲ ಸಾಧ್ಯತೆಯನ್ನೂ ತಳ್ಳಿಹಾಕಿದರೆ ಮಾತ್ರ 'ಗೊತ್ತು' ಅನ್ನಬಹುದು ಅಂತ. ಈ ನಿಯಮ ನನ್ನ ಕೈಗಿಂತ ಖಚಿತವೇ? ದೂರದಲ್ಲಿ ನೀರು ಕಂಡಾಗ ಅದು ಬಿಸಿಲ್ಗುದುರೆಯೋ ಅಂತ ಸಂಶಯ ಬಂದರೆ ಹತ್ತಿರ ಹೋಗಿ ನೋಡುತ್ತೇವೆ. ಇವನ ಸಂಶಯಕ್ಕೆ ಅಂಥ ಪರೀಕ್ಷೆಯೇ ಇಲ್ಲ. ಆದ್ದರಿಂದ ಅವನಿಗೆ ಸಾಬೀತು ಮಾಡಲಾರೆ ಅಂದ ಮಾತ್ರಕ್ಕೆ ನಿಮಗೆ ಗೊತ್ತಿಲ್ಲ ಅಂತ ಆಗುವುದಿಲ್ಲ.

ಒಂದು ತೊಡಕು ಮಾತ್ರ ಉಳಿಯುತ್ತದೆ. ಕೈ ಇದೆ ಅಂತ ಗೊತ್ತಿದ್ದರೆ, ನಾನು ಬರೀ ಮಿದುಳಲ್ಲ ಅಂತಲೂ ಗೊತ್ತಿರಬೇಕಲ್ಲ? ಹಾಗೇನೂ ಇಲ್ಲ, ಮೊದಲನೆಯದು ಗೊತ್ತಿದ್ದೂ ಎರಡನೆಯದು ಗೊತ್ತಿಲ್ಲದಿರಬಹುದು ಅಂತ ಅಮೆರಿಕದ ಇನ್ನೊಬ್ಬ ತತ್ತ್ವಜ್ಞಾನಿ ಫ್ರೆಡ್ ಡ್ರೆಟ್ಸ್ಕಿ 1970ರಲ್ಲಿ ವಾದಿಸಿದ. ಅದು ನನ್ನ ಗಂಟಲಲ್ಲಿ ಇಳಿಯುವುದಿಲ್ಲ.