ಹೇಗಿದ್ದರೂ ಒಡೆಯೋ ಮನೆ ತಾನೇ?

"ಅಮ್ಮನಿಗೆ ಸ್ವಲ್ಪ ಬುದ್ಧಿ ಹೇಳಿ ಮೇಡಂ" ಅಂತಲೇ ಮಗ ಮಾತು ಶುರು ಮಾಡಿದರು. ಅಮ್ಮ ಪಕ್ಕದಲ್ಲೇ ಕೂತಿದ್ದರು. ಆಪ್ತಸಲಹೆಗೆ ಬರುವವರು ತುಂಬಾ ಸಲ ಹೀಗೇ, ತಮಗಲ್ಲ, ಇನ್ನೊಬ್ಬರಿಗೆ ಬುದ್ಧಿ ಹೇಳಿಸೋಕೆ ಬರುತ್ತಾರೆ.

ಅಮ್ಮನಿಗೆ 76 ವರ್ಷ, ಮಗನಿಗೆ ಐವತ್ತು ದಾಟಿದೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ, ಬರೆಯೋಕೆ ಮನೆಯವರ ಒಪ್ಪಿಗೆಯೂ ಇದೆ. ಬೆಂಗಳೂರಿನ ದಕ್ಷಿಣದಲ್ಲಿ ಒಂದು ಹಳೇ ಬಡಾವಣೆ. 40ಕ್ಕೆ 60ರ ಸೈಟು, 1976ರಲ್ಲಿ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಹುಟ್ಟುವುದಕ್ಕೂ ಮುಂಚೆ, ಆಗ ಸೈಟು ಹಂಚುತ್ತಿದ್ದ ಸಿಐಟಿಬಿ ಕಾಲದಲ್ಲಿ ಯಜಮಾನರಿಗೆ ಸಿಕ್ಕಿದ್ದು. ರೆಡ್ ಆಕ್ಸೈಡ್ ನೆಲ, ಹಿತ್ತಲಲ್ಲಿ ಎರಡು ತೆಂಗಿನ ಮರ, ಎರಡು ಮೆಟ್ಟಿಲು ಇಳಿದರೆ ಬಚ್ಚಲು. ಆ ರಸ್ತೆಯ ಹಳೇ ಮನೆಗಳು ಒಂದೊಂದಾಗಿ ಹೋಗಿವೆ. ಪಕ್ಕದ ಸೈಟಿನಲ್ಲಿ ಈಗ ನಾಲ್ಕು ಅಂತಸ್ತು. ಇವರ ತುಳಸಿಕಟ್ಟೆಗೆ ಹನ್ನೊಂದು ಗಂಟೆ ತನಕ ಬಿಸಿಲು ಬೀಳುವುದಿಲ್ಲ.

ಬಿಲ್ಡರ್ ಒಬ್ಬರು ಜಾಯಿಂಟ್ ಡೆವಲಪ್‌ಮೆಂಟ್‌ಗೆ, ಅಂದರೆ ಸೈಟು ಇವರದು, ಕಟ್ಟುವ ಖರ್ಚು ಬಿಲ್ಡರ್‌ದು ಅನ್ನುವ ಒಪ್ಪಂದಕ್ಕೆ, ಕೇಳಿದ್ದಾರೆ. ಕೆಳಗೆ ಪಾರ್ಕಿಂಗ್, ಮೇಲೆ ನಾಲ್ಕು ಫ್ಲ್ಯಾಟು. ಎರಡು ಅವರಿಗೆ, ಎರಡು ಇವರಿಗೆ. ಅಮ್ಮ ಸಹಿ ಹಾಕುತ್ತಿಲ್ಲ. ಅಮೆರಿಕದಲ್ಲಿರುವ ಮಗಳು "ಅಪ್ಪ ಕಟ್ಟಿಸಿದ ಮನೆ, ಯಾರೂ ಮುಟ್ಟಬೇಡಿ" ಅಂತ ವಾಟ್ಸಾಪ್‌ನಲ್ಲಿ ಉದ್ದುದ್ದ ಬರೆಯುತ್ತಾರೆ. ನಾಲ್ಕು ವರ್ಷದಿಂದ ಇದೇ ಕಥೆ.

ಮೊದಲ ದಿನ ನನ್ನ ನೋಟ್ಸಿನಲ್ಲಿ "ಮಗನಿಗೆ ದುಡ್ಡಿನ ಆತುರ, ಅಮ್ಮನಿಗೆ ನೆನಪಿನ ನಂಟು" ಅಂತ ಬರೆದಿದ್ದೆ. ಎರಡೂ ತಪ್ಪು. ನನಗೂ ಹಳೇ ಮನೆ ಅಂದರೆ ಪಕ್ಷಪಾತ. ಬಸವನಗುಡಿಯಲ್ಲೋ ಮಲ್ಲೇಶ್ವರದಲ್ಲೋ ಮೇಲೆ ಚೂಪಾದ ಮರದ ಮುಚ್ಚಿಗೆ ಇರುವ ಮಂಕಿಟಾಪ್ ಕಿಟಕಿಗಳನ್ನು ಕಿತ್ತು ಲಾರಿಗೆ ತುಂಬುವುದು ಕಂಡರೆ ಹೊಟ್ಟೆ ಕಿವುಚಿದ ಹಾಗಾಗುತ್ತದೆ. ಆ ಸಂಕಟವನ್ನು ಸುಮ್ನೆ ಅಮ್ಮನ ತಲೆಗೆ ಕಟ್ಟಿದ್ದೆ.

ಎರಡನೇ ಸಲ ಅವರೊಬ್ಬರನ್ನೇ ಬರಹೇಳಿದೆ. ಮನೆ ಬಿಡೋಕೆ ಸಂಕಟ ಆಗುತ್ತೆ ಅಲ್ವಾ ಅಂದೆ. ನಕ್ಕುಬಿಟ್ಟರು.

"ಎಂಥ ಸಂಕಟ? ಮಳೆ ಬಂದರೆ ನಡುಮನೆಯಲ್ಲಿ ಮೂರು ಬಕೆಟ್ ಇಡಬೇಕು. ಹೋದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದೆ. ಹಿಡಿ ಹಾಕಿಸೋ ಅಂದರೆ, ಹೇಗಿದ್ದರೂ ಒಡೆಯೋ ಮನೆ ತಾನೇ ಅಂತಾನೆ."

ಆಮೇಲೆ ನನ್ನ ಮೇಜಿನ ಮೇಲಿದ್ದ ಕಾಫಿ ಲೋಟ ಪಕ್ಕಕ್ಕೆ ಸರಿಸಿದರು. ಬೆರಳಿನಿಂದ ಗೆರೆ ಎಳೆದರು. ಇದು ಮಂಚ, ಇದು ಬಾಗಿಲು, ಇದು ಬೀರು. "ರಾತ್ರಿ ಎದ್ದರೆ ನಾನು ದೀಪ ಹಾಕಲ್ಲ. ಹನ್ನೊಂದು ಹೆಜ್ಜೆ, ಆಮೇಲೆ ಮೆಟ್ಟಿಲು. ಬಾಡಿಗೆ ಮನೇಲಿ ಎಷ್ಟು ಹೆಜ್ಜೆಯೋ ಯಾರಿಗೆ ಗೊತ್ತು?"

ಅಲ್ಲಿಗೆ ಮಾತು, ಹೊಸದು ಕಟ್ಟುವ ತನಕ ಇರಬೇಕಾದ ಬಾಡಿಗೆ ಮನೆಗೆ ಬಂತು. ಬಿಲ್ಡರ್ ಎರಡು ವರ್ಷ ಅನ್ನುತ್ತಾರೆ, ಅದು ಮೂರಾಗುತ್ತೆ. ಅಷ್ಟರಲ್ಲಿ ತಾನು ಹೋಗಿಬಿಟ್ಟರೆ? ಅವರ ಭಯ ಸಾವಿನದಲ್ಲ. ಕೆಲವು ನಕ್ಷತ್ರದಲ್ಲಿ ಸಾವು ಬಂದರೆ ಮನೆಯನ್ನೇ ಕೆಲವು ತಿಂಗಳು ಖಾಲಿ ಬಿಡಬೇಕು ಅನ್ನುವ ನಂಬಿಕೆ ನಮ್ಮಲ್ಲಿ ಇದೆಯಲ್ಲ, ಧನಿಷ್ಠಾ ಪಂಚಕ ಅಂತ. ಅದಕ್ಕೇ ವಯಸ್ಸಾದವರು ಇದ್ದಾರೆ ಅಂದರೆ ಎಷ್ಟೋ ಓನರ್‌ಗಳು ಮುಖ ಸಿಂಡರಿಸುತ್ತಾರೆ. ಮಗ ನೋಡಿಬಂದ ಒಂದು ಮನೆಯಲ್ಲಿ "ತಾಯಿಗೆ ಆರೋಗ್ಯ ಹೇಗಿದೆ" ಅಂತ ಎರಡು ಸಲ ಕೇಳಿದ್ದರಂತೆ. ಮಗ ಅದನ್ನು ತಮಾಷೆ ಅಂತ ಊಟದ ಹೊತ್ತಲ್ಲಿ ಹೇಳಿದ್ದ. ಅಮ್ಮನಿಗೆ ಅವತ್ತು ಅನ್ನ ಇಳಿಯಲಿಲ್ಲ.

ಏಳುವ ಮುಂಚೆ ಇನ್ನೊಂದು ಮಾತು ಬಂತು. "ಈಗ ಅವನು ನನ್ನ ಮನೇಲಿ ಇದ್ದಾನೆ. ಆಮೇಲೆ ನಾನು ಅವನ ಮನೇಲಿ ಇರ್ತೀನಿ." ಇದನ್ನು ನಾಲ್ಕು ವರ್ಷದಲ್ಲಿ ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ. ಅಣ್ಣ ತಂಗಿ ಇಬ್ಬರೂ ಅಮ್ಮನ ಹೆಸರಲ್ಲೇ ಜಗಳ ಆಡುತ್ತಿದ್ದರು.

ಲೆಕ್ಕ ನೋಡಿದರೆ ಅದು ಈಗ ಅಮ್ಮನ ಒಬ್ಬರ ಮನೆಯಲ್ಲ. ಮಗನ ಒಬ್ಬರದೂ ಅಲ್ಲ. ಯಜಮಾನರು ವಿಲ್ ಬರೆಯದೆ ಹೋದರು. ಅವರ ಸ್ವಂತ ಸಂಪಾದನೆ, ಹಾಗಾಗಿ ಹೆಂಡತಿ, ಮಗ, ಮಗಳು, ಮೂವರಿಗೂ ಸಮಪಾಲು. "ಹೆಣ್ಣುಮಕ್ಕಳಿಗೆ ಹಕ್ಕು ಬಂದಿದ್ದು 2005ರಲ್ಲಿ ಅಲ್ವಾ" ಅಂದರು ಮಗ. ಅದು ಪಿತ್ರಾರ್ಜಿತ ಆಸ್ತಿಯ ವಿಷಯ. ತಂದೆಯ ಸ್ವಂತ ಆಸ್ತಿಯಲ್ಲಿ, ವಿಲ್ ಇಲ್ಲದಿದ್ದರೆ, ಮಗಳಿಗೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದಲೇ ಪಾಲಿದೆ. ಅಂದರೆ ಪಾಲುದಾರರು ಮೂವರು, ಬರುವ ಫ್ಲ್ಯಾಟು ಎರಡು. ಮಗ ಮನಸ್ಸಿನಲ್ಲೇ ಒಂದು ತನಗೆ, ಒಂದು ತಂಗಿಗೆ ಅಂತ ಹಂಚಿಬಿಟ್ಟಿದ್ದರು. ಅಮ್ಮನ ಪಾಲು ಎಲ್ಲಿ ಅಂದೆ. "ಅಮ್ಮ ನಮ್ಮ ಜೊತೆ ಇರ್ತಾರಲ್ಲ" ಅಂದರು. ಕೆಟ್ಟ ಮನುಷ್ಯನಲ್ಲ, ಅಮ್ಮನ ಮಾತ್ರೆ ಡಬ್ಬಿ ವಾರವಾರ ತುಂಬಿಡುವವರು ಅವರೇ. ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅಂತ ಹೊಳೆದೇ ಇರಲಿಲ್ಲ, ಅಷ್ಟೇ.

ಕೊನೆಗೆ ಮೂವರನ್ನೂ ಕೂರಿಸಿದೆ, ಮಗಳು ವಿಡಿಯೋದಲ್ಲಿ. ನಾನು ಮೊದಲು ಹೇಳಿದ್ದು ಒಪ್ಪಂದದ ಬಗ್ಗೆ ಅಲ್ಲ. ಈ ವಾರವೇ ಬಚ್ಚಲಿಗೆ ಹಿಡಿ ಹಾಕಿಸಿ, ಸೋರುವ ಕಡೆ ವಾಟರ್‌ಪ್ರೂಫಿಂಗ್ ಮಾಡಿಸಿ. ಮಗನಿಗೆ ಇದು ದುಡ್ಡು ದಂಡ ಅನ್ನಿಸಿತು. ಒಡೆಯುತ್ತೇವೆ ಅನ್ನುವ ಮನೆಗಳಲ್ಲಿ ನಾನು ಹೆಚ್ಚಾಗಿ ನೋಡುವುದು ಇದನ್ನೇ. ವರ್ಷಗಟ್ಟಲೆ ಬಲ್ಬು ಸಹ ಬದಲಿಸದೆ ಕಾಯುತ್ತಾರೆ, ಆ ಕಾಯುವ ಮನೆಯೊಳಗೆ ವಯಸ್ಸಾದವರೊಬ್ಬರು ಜಾರುತ್ತಿರುತ್ತಾರೆ. ರಿಪೇರಿ ಮಾಡಿಸಿದರೆ ಅಮ್ಮ ಇನ್ನೂ ಗಟ್ಟಿಯಾಗಿ ಹಟ ಹಿಡಿಯುತ್ತಾರೆ ಅನ್ನೋದು ಮಗನ ಹೆದರಿಕೆ. ಬಕೆಟ್ ಇಟ್ಟುಕೊಂಡು ಯಾರೂ ತಲೆ ತಣ್ಣಗೆ ಯೋಚನೆ ಮಾಡೋಕಾಗಲ್ಲ ಅಂದೆ.

ಆಮೇಲೆ ಒಪ್ಪಂದ. ನಾನು ವಕೀಲಳಲ್ಲ, ವಕೀಲರ ಹತ್ತಿರ ಏನು ಕೇಳಬೇಕು ಅಂತಷ್ಟೇ ಬರೆದುಕೊಟ್ಟೆ. ಜಾಗ 500 ಚದರ ಮೀಟರ್ ಮೀರದಿದ್ದರೆ, ಇಲ್ಲಾ ಎಂಟಕ್ಕಿಂತ ಜಾಸ್ತಿ ಮನೆ ಇಲ್ಲದಿದ್ದರೆ ರೇರಾ, ಅಂದರೆ ಬಿಲ್ಡರ್‌ಗಳ ಮೇಲೆ ನಿಗಾ ಇಡುವ ಕಾಯ್ದೆಯ ನೋಂದಣಿ ಕಡ್ಡಾಯವಲ್ಲ. ಇವರದು 2400 ಚದರ ಅಡಿ, ಸುಮಾರು 223 ಚದರ ಮೀಟರ್. ಹಾಗಾಗಿ ಕಾಗದದಲ್ಲಿ ಏನಿದೆಯೋ ಅದೇ ಇವರಿಗೆ ಆಧಾರ. ಬಿಲ್ಡರ್ ಬಾಡಿಗೆ ಕೊಡುವುದು ಎರಡು ವರ್ಷ ಅಂತ ಬರೆಯಬೇಡಿ, ಓಸಿ (ಕಟ್ಟಡದಲ್ಲಿ ವಾಸ ಮಾಡಬಹುದು ಅನ್ನುವ ಪ್ರಮಾಣಪತ್ರ) ಕೈಗೆ ಬರುವ ತನಕ ಅಂತ ಬರೆಯಿಸಿ. ಯಾವ ಮಹಡಿ, ಯಾವ ದಿಕ್ಕಿನ ಫ್ಲ್ಯಾಟು ಅನ್ನುವುದೂ ಬರಲಿ. ಲಿಫ್ಟ್‌ಗೆ ಜನರೇಟರ್ ಇರಬೇಕು ಅಂತಲೂ ಬರಲಿ.

ಅಮ್ಮನಿಗೆ ಬೇರೆಯಾಗಿ ಹೇಳಿದ್ದು ಇನ್ನೊಂದಿದೆ. ನಿಮ್ಮ ಪಾಲನ್ನು ಪ್ರೀತಿಯಿಂದ ಯಾರಿಗೋ ಬರೆದುಕೊಟ್ಟು ಬರಿಗೈಯಲ್ಲಿ ಕೂರಬೇಡಿ. ಒಂದು ಫ್ಲ್ಯಾಟು ನಿಮ್ಮ ಹೆಸರೂ ಸೇರಿ ಬರಲಿ. ಕೊಡಲೇಬೇಕು ಅನ್ನಿಸಿದರೆ ನೋಡಿಕೊಳ್ಳುವ ಷರತ್ತನ್ನು ಪತ್ರದಲ್ಲೇ ಹಾಕಿಸಿ. ಹಾಗೆ ಹಾಕಿಸಿದ್ದು ನಡೆಯದೆ ಹೋದರೆ, ಆ ಪತ್ರ ರದ್ದು ಮಾಡಿಸೋಕೆ 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ದಾರಿ ಇದೆ. ಬಾಡಿಗೆ ಮನೆ ಅದೇ ರಸ್ತೆಯಲ್ಲಿ, ಇಲ್ಲದಿದ್ದರೆ ಪಕ್ಕದ ಕ್ರಾಸಿನಲ್ಲಿ ಆಗಲಿ. ಅದೇ ಹಾಲಿನ ಬೂತು, ಅದೇ ದೇವಸ್ಥಾನ. ಅಮ್ಮ ಇರುವ ವಿಷಯ ಓನರ್‌ಗೆ ಮೊದಲೇ ನೇರವಾಗಿ ಹೇಳಿ. ಮುಖ ಸಿಂಡರಿಸಿದರೆ ಆ ಮನೆ ಬೇಡ.

ಮಗಳ ಜೊತೆಗಿನ ಮಾತು ಕಷ್ಟವಾಯಿತು. ಅವರಿಗೆ ಬೇಕಾಗಿದ್ದು ಬಂದಾಗ ಇಳಿಯೋಕೆ ಅದೇ ಮನೆ, ಅದೇ ಕೆಂಪು ನೆಲ. ಎರಡು ವರ್ಷಕ್ಕೆ ಒಮ್ಮೆ, ಹದಿನೈದು ದಿನ. "ನಿಮ್ಮ ನೆನಪಿಗೆ ಬಚ್ಚಲಿನ ಮೆಟ್ಟಿಲು ಇಳಿಯೋರು ಅಮ್ಮ" ಅಂದೆ. ಸ್ವಲ್ಪ ಖಾರವಾಯಿತೇನೋ. ಅವರು ಕ್ಯಾಮೆರಾ ಆಫ್ ಮಾಡಿದರು. ಹತ್ತು ನಿಮಿಷ ಬಿಟ್ಟು ಆನ್ ಆದಾಗ ಕಣ್ಣು ಕೆಂಪಾಗಿತ್ತು. ಅಪ್ಪ ಹೋದಾಗ ಬರೋಕಾಗಿರಲಿಲ್ಲ ಅಂದರು. ಅದಕ್ಕೆ ಬೇರೆ ದಿನ ಬೇಕು, ಇನ್ನೂ ನಡೆಯುತ್ತಿದೆ.

ಇದನ್ನು ಬರೆಯುವ ಹೊತ್ತಿಗೆ ಯಾರೂ ಸಹಿ ಹಾಕಿಲ್ಲ. ಮಗಳು ದೀಪಾವಳಿಗೆ ಬರುತ್ತಾರೆ, ಕಾಗದಪತ್ರ ಆಮೇಲೆ. ಹೋದ ವಾರ ಅಮ್ಮ ಫೋನ್ ಮಾಡಿದ್ದರು. ಬಚ್ಚಲಿಗೆ ಸ್ಟೀಲ್ ಹಿಡಿ ಬಂದಿದೆಯಂತೆ. ಮಗ ಅಳತೆ ಕೇಳದೆ ಹಾಕಿಸಿ ಒಂದು ಗೇಣು ಮೇಲಾಗಿದೆ. ಬಿಚ್ಚಿ ಕೆಳಗೆ ಹಾಕಿಸಬೇಕು, ಅವನಿಗೆ ನೀವೇ ಸ್ವಲ್ಪ ಹೇಳ್ತೀರಾ ಅಂತ ಕೇಳಿದರು.