ಪದೇ ಪದೇ ಬಾಯಿ ಹುಣ್ಣು, ಬಿ ಕಾಂಪ್ಲೆಕ್ಸ್ ನುಂಗಿದ್ರೂ ಯಾಕೆ ಹೋಗ್ತಿಲ್ಲ?

ತಿಂಗಳಿಗೊಂದ್ಸಲ ಬಾಯಿ ಹುಣ್ಣು ಬರುತ್ತೆ, ಬಿ ಕಾಂಪ್ಲೆಕ್ಸ್ ನುಂಗಿ ನುಂಗಿ ಸಾಕಾಯ್ತು, ಇಷ್ಟೆಲ್ಲ ರಿಸರ್ಚ್ ನಡೆಯುತ್ತಲ್ಲ ಇದಕ್ಕೊಂದು ಪರ್ಮನೆಂಟ್ ಔಷಧಿ ಸಿಕ್ಕಿಲ್ವಾ ಅಂತ ಕೇಳಿದೀರ. ನಾನು ಡೆಂಟಲ್ ಕಾಲೇಜಿನ ಓರಲ್ ಮೆಡಿಸಿನ್, ಅಂದ್ರೆ ಬಾಯಿ ಕಾಯಿಲೆಗಳ ವಿಭಾಗದ ಓಪಿಡಿಲಿ ಕೆಲ್ಸ ಮಾಡೋದು, ಈ ಪ್ರಶ್ನೆ ದಿನಾ ಕಿವಿಗೆ ಬೀಳುತ್ತೆ. ಪೂರ್ತಿ ಬರದೇ ಇರೋ ಹಾಗೆ ಮಾಡೋ ಔಷಧಿ ಇನ್ನೂ ಇಲ್ಲ. ಆದ್ರೆ ವಿಟಮಿನ್ ಬಗ್ಗೆ ಎರಡು ಸ್ಟಡಿ ಇದಾವೆ, ಅವನ್ನ ಗೊತ್ತುಮಾಡ್ಕೊಳ್ಳಿ.

2012ರಲ್ಲಿ ಅಮೆರಿಕದಲ್ಲಿ ಪದೇ ಪದೇ ಹುಣ್ಣಾಗೋ 160 ಜನರನ್ನ ತಗೊಂಡು, ಕೆಲವರಿಗೆ ದಿನಾ ಮಲ್ಟಿವಿಟಮಿನ್, ಉಳಿದೋರಿಗೆ ಔಷಧಿನೇ ಇಲ್ಲದ ಅದೇ ಥರದ ಮಾತ್ರೆ, ಒಂದು ವರ್ಷ ಕೊಟ್ರು. ಹುಣ್ಣು ಬರೋದೂ ಕಮ್ಮಿ ಆಗ್ಲಿಲ್ಲ, ಬೇಗ ವಾಸಿನೂ ಆಗ್ಲಿಲ್ಲ. ಇನ್ನೊಂದು 2009ರದ್ದು, ಇಸ್ರೇಲಲ್ಲಿ ಮಾಡಿದ್ದು, 58 ಜನ ಅಷ್ಟೆ. ಇಲ್ಲಿ ಬರೀ ಬಿ12, 1000 ಮೈಕ್ರೋಗ್ರಾಂ, ರಾತ್ರಿ ಮಲಗೋ ಮುಂಚೆ ನಾಲಿಗೆ ಕೆಳಗೆ ಇಟ್ಕೊಳೋದು, ಆರು ತಿಂಗಳು. ಕೊನೇ ತಿಂಗಳಲ್ಲಿ ಬಿ12 ತಗೊಂಡೋರಲ್ಲಿ ಶೇ 74 ಜನಕ್ಕೆ ಹುಣ್ಣೇ ಇರ್ಲಿಲ್ಲ, ಅದೂ ಮೊದ್ಲು ರಕ್ತದಲ್ಲಿ ಬಿ12 ಎಷ್ಟಿತ್ತು ಅನ್ನೋದಕ್ಕೆ ಸಂಬಂಧ ಇಲ್ದಂಗೆ. ಡಮ್ಮಿ ಮಾತ್ರೆ ತಗೊಂಡೋರಲ್ಲೂ ಶೇ 32 ಜನಕ್ಕೆ ಇರ್ಲಿಲ್ಲ, ಇದನ್ನ ಗಮನಿಸಿ, ಯಾಕಂದ್ರೆ ಈ ಹುಣ್ಣು ತಾನಾಗೇ ಬಂದು ತಾನಾಗೇ ಹೋಗೋದು, ಆ ಟೈಮಲ್ಲಿ ಏನು ತಿಂದಿರ್ತೀವೋ ಹೆಸರು ಅದಕ್ಕೇ ಬರುತ್ತೆ. ಸ್ಟಡಿ ಚಿಕ್ಕದು, ಆದ್ರೂ ನನಗೆ ಇದರ ಮೇಲೆ ನಂಬಿಕೆ ಇದೆ.

ಹಾಗಂತ ನಾಳೆನೇ ಹೋಗಿ ಮಾತ್ರೆ ತರಬೇಡಿ, ಮೊದ್ಲು ರಕ್ತ ಚೆಕ್ ಮಾಡಿಸಿ: ಸಿಬಿಸಿ (ರಕ್ತಕಣಗಳ ಎಣಿಕೆ), ಬಿ12, ಫೆರಿಟಿನ್ (ಮೈಯಲ್ಲಿ ಕಬ್ಬಿಣದಂಶ ಎಷ್ಟಿದೆ ಅಂತ ತೋರಿಸೋದು), ಫೋಲೇಟ್ (ಇದೂ ಒಂದು ಬಿ ವಿಟಮಿನ್). ಕಬ್ಬಿಣದಂಶ ಕಮ್ಮಿ ಇದ್ರೆ ಅದನ್ನೇ ಸರಿಮಾಡ್ಬೇಕು. ಸಸ್ಯಾಹಾರಿ ಆಗಿದ್ದು ಹಾಲು ಮೊಸರೂ ಅಷ್ಟಕ್ಕಷ್ಟೆ ಅಂದ್ರೆ ಬಿ12 ಕಮ್ಮಿ ಇರೋ ಚಾನ್ಸ್ ಜಾಸ್ತಿ. ಟೂತ್‌ಪೇಸ್ಟೂ ನೋಡಿ, ನೊರೆ ಬರ್ಲಿ ಅಂತ ಹಾಕೋ ಸೋಡಿಯಂ ಲಾರಿಲ್ ಸಲ್ಫೇಟ್ ಇಲ್ಲದ ಪೇಸ್ಟಿಂದ ಹುಣ್ಣು ಕಮ್ಮಿ ಆಯ್ತು ಅಂತ 90ರ ದಶಕದಲ್ಲಿ ನಾರ್ವೆಯೋರು ಬರೆದ್ರು, ಆಮೇಲಿನ ಸ್ಟಡಿಗಳು ಎಲ್ಲಾ ಒಂದೇ ಥರ ಹೇಳಿಲ್ಲ, ಆದ್ರೆ ಪೇಸ್ಟ್ ಬದಲಾಯಿಸಿ ನೋಡೋದ್ರಲ್ಲಿ ನಷ್ಟ ಏನೂ ಇಲ್ಲ. ಉಷ್ಣ ಅಂತ ಮನೇಲಿ ತುಪ್ಪ ಹಚ್ತಾರೆ, ಹಚ್ಲಿ ಬಿಡಿ.

ಬಾಯಿ ಹುಣ್ಣಿನ ಜೊತೆ ಗುಪ್ತಾಂಗದಲ್ಲೂ ಹುಣ್ಣು, ಕಣ್ಣು ಕೆಂಪಾಗೋದು ಇದ್ರೆ ಅದು ಬೆಹ್ಚೆಟ್ ಕಾಯಿಲೆ ಇರಬಹುದು, 1937ರಲ್ಲಿ ಟರ್ಕಿಯ ಚರ್ಮರೋಗ ಡಾಕ್ಟರ್ ಹುಲುಸಿ ಬೆಹ್ಚೆಟ್ ವಿವರಿಸಿದ್ದು. ಆ ಹುಣ್ಣಿಗೆ ಅಪ್ರೆಮಿಲಾಸ್ಟ್ ಅನ್ನೋ ಮಾತ್ರೆಗೆ 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ತು. ಕಣ್ಣಿಗೇ ಅಪಾಯ ಇರೋ ಕಾಯಿಲೆ ಇದು, ತಡ ಮಾಡೋ ಹಾಗಿಲ್ಲ.

ನನಗೆ ನಿಜವಾಗ್ಲೂ ಭಯ ಆಗೋದು ನೋವಿಲ್ಲದ ಹುಣ್ಣಿನ ಬಗ್ಗೆ. ಮಾಮೂಲಿ ಹುಣ್ಣು ನಡುವೆ ಹಳದಿ ಬಿಳುಪು, ಸುತ್ತ ಕೆಂಪು ಅಂಚು, ಮುಟ್ಟಿದ್ರೆ ಪ್ರಾಣ ಹೋಗುತ್ತೆ, ಒಂದೆರಡು ವಾರಕ್ಕೆ ವಾಸಿ. ಗ್ಲೌಸ್ ಹಾಕಿ ಬೆರಳಾಡಿಸಿದಾಗ ಅಂಚು ಗಟ್ಟಿಯಾಗಿ ಸಿಕ್ಕಿ, ಪೇಷಂಟ್ ನೋವೇ ಇಲ್ಲ ಅಂದ್ರೆ ಕ್ಯಾನ್ಸರ್ ಇರಬಹುದಾ ಅಂತ ನೋಡೋಕೆ ನಾವು ಬಯಾಪ್ಸಿಗೆ, ಅಂದ್ರೆ ಚೂರು ತೆಗೆದು ಮಾಡೋ ಪರೀಕ್ಷೆಗೆ ಬರೀತೀವಿ. ಮೂರು ವಾರ ದಾಟಿದ ಹುಣ್ಣನ್ನಂತೂ ಮನೇಲಿ ಇಟ್ಕೋಬೇಡಿ.

ಅಡಿಕೆ ಜಗಿಯೋ ಅಭ್ಯಾಸ ಇದ್ಯಾ? ನೀವು ಬರೆದಿಲ್ಲ, ಅದಕ್ಕೇ ಕೇಳ್ತಿದೀನಿ. ಖಾರ ಬಾಯಿಗಿಟ್ರೆ ಉರಿ ಅಂತ ಬರ್ತಾರೆ, ಹುಣ್ಣು ಅಂದ್ಕೊಂಡಿರ್ತಾರೆ, ಮೂರು ಬೆರಳು ಉದ್ದಕ್ಕೆ ಜೋಡಿಸಿ ಬಾಯೊಳಗೆ ಇಡಿ ಅಂದ್ರೆ ಎರಡೇ ಹೋಗುತ್ತೆ. ಕೆನ್ನೆ ಒಳಗೆ ನಾರು ಕಟ್ಟಿ ಬಿಗಿಯಾಗಿರುತ್ತೆ, ಸಬ್‌ಮ್ಯೂಕಸ್ ಫೈಬ್ರೋಸಿಸ್ ಅದು, ಅಡಿಕೆಯಿಂದ ಬರೋ ಕಾಯಿಲೆ. "ಬರೀ ಅಡಿಕೆ ಸಾರ್, ಹೊಗೆಸೊಪ್ಪು ಹಾಕಲ್ಲ" ಅಂತಾರೆ. ಹೊಗೆಸೊಪ್ಪಿಲ್ಲದ ಅಡಿಕೆನೂ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ. ಅಡಿಕೆನೇ ಜೀವನ ಆಗಿರೋ ನಮ್ಮ ಮಲೆನಾಡಲ್ಲಿ ಈ ಮಾತು ಹೇಳೋಕೆ ಸಂಕಟ ಆಗುತ್ತೆ, ಆದ್ರೂ ಹೇಳ್ಲೇಬೇಕು. ಅಭ್ಯಾಸ ಇದ್ರೆ ಇವತ್ತೇ ಬಿಡಿ, ರಕ್ತದ ರಿಪೋರ್ಟ್ ತಗೊಂಡು ಹತ್ತಿರದ ಡೆಂಟಲ್ ಕಾಲೇಜಲ್ಲಿ ಓರಲ್ ಮೆಡಿಸಿನ್ ವಿಭಾಗಕ್ಕೆ ಹೋಗಿ ತೋರಿಸಿ.