ಇಪಿಐ (ಮೇದೋಜೀರಕ ಗ್ರಂಥಿ ಜೀರ್ಣರಸ ಮಾಡದ ಕಾಯಿಲೆ) ಇರುವ ನಾಯಿಗೆ ಕ್ಯಾಪ್ಸೂಲ್ ಕೊಡುತ್ತಿದ್ದರೂ ತೂಕ ಏರುತ್ತಿಲ್ಲ, ಏನು ಮಾಡಲಿ?

ನಿಮ್ಮ ಪ್ರಶ್ನೆ ಓದಿ, ನಮ್ಮ ನಾಯಿ ಭೀಮನ ಹಳೇ ಫೋಟೋ ಹುಡುಕಿ ನೋಡಿದೆ. ಆಗ ಅವನ ಪಕ್ಕೆಲುಬು ಎಣಿಸಬಹುದಿತ್ತು.

ನೀವು ಹೇಳಿದ್ದು ಇಷ್ಟು: ಚಿತ್ರದುರ್ಗದಲ್ಲಿದ್ದೀರಿ, ಎರಡು ವರ್ಷದ ಜರ್ಮನ್ ಶೆಫರ್ಡ್, ಮೇದೋಜೀರಕ ಗ್ರಂಥಿ ಜೀರ್ಣರಸ ಮಾಡುತ್ತಿಲ್ಲ ಎಂದು ಪರೀಕ್ಷೆಯಲ್ಲಿ ಖಚಿತವಾಗಿದೆ. ಮೂರು ವಾರದಿಂದ ಎಂಜೈಮ್ (ಜೀರ್ಣರಸದ) ಕ್ಯಾಪ್ಸೂಲ್ ನಡೆದಿದೆ, ಕಕ್ಕ ಸ್ವಲ್ಪ ಗಟ್ಟಿಯಾಗಿದೆ, ತೂಕ ಮಾತ್ರ 22 ಕೆಜಿ ಬಿಟ್ಟು ಅಲ್ಲಾಡಿಲ್ಲ. ಮನೆಯಲ್ಲಿ ಮಾಂಸ ಮಾಡುವುದಿಲ್ಲ. ಮೊಸರನ್ನ ಕೊಡಬಹುದಾ, ದುಬಾರಿ ಕ್ಯಾಪ್ಸೂಲ್ ಬದಲು ಅಜೀರ್ಣದ ಸಿರಪ್ ಆಗುತ್ತದಾ, ಎಷ್ಟು ದಿನ ಕೊಡಬೇಕು ಎಂದು ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ದಾವಣಗೆರೆಯಲ್ಲಿ ಇದೇ ಕಾಯಿಲೆಯ ನಾಯಿಯನ್ನು ಐದು ವರ್ಷದಿಂದ ಸಾಕುತ್ತಿದ್ದೇನೆ, ನಿಮ್ಮ ಹಾಗೆಯೇ ಈರುಳ್ಳಿ ಬೆಳ್ಳುಳ್ಳಿ ದಾಟಿ ಮುಂದೆ ಹೋಗದ ಅಡುಗೆಮನೆಯಲ್ಲಿ.

ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಜೀವನಪೂರ್ತಿ. ಈ ತಳಿಯಲ್ಲಿ ಸಾಮಾನ್ಯವಾಗಿ ಆಗುವುದೇನೆಂದರೆ ಗ್ರಂಥಿಯಲ್ಲಿ ಜೀರ್ಣರಸ ತಯಾರಿಸುವ ಭಾಗ ಸವೆದುಹೋಗಿರುತ್ತದೆ. ಸವೆದದ್ದು ಮತ್ತೆ ಬೆಳೆಯುವುದಿಲ್ಲ. ಕ್ಯಾಪ್ಸೂಲು ಆ ಭಾಗವನ್ನು ವಾಸಿ ಮಾಡುವ ಔಷಧಿ ಅಲ್ಲ, ಆ ಭಾಗ ಮಾಡಬೇಕಿದ್ದ ಕೆಲಸವನ್ನು ತಟ್ಟೆಯಲ್ಲೇ ಕೊಡುವುದು. ನಿಲ್ಲಿಸಿದ ದಿನವೇ ಹಳೇ ಕಥೆ ಶುರು. ನಾನು ಒಮ್ಮೆ 'ಈಗ ಚೆನ್ನಾಗಿದಾನಲ್ಲ' ಅಂತ ನಾಲ್ಕು ದಿನ ಬಿಟ್ಟು ನೋಡಿದವನು, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.

ಸಿರಪ್ಪಿನ ವಿಷಯ. ಮೆಡಿಕಲ್ ಶಾಪಿನಲ್ಲಿ ನನಗೂ ಒಂದು ಬಾಟಲಿ ಕೊಟ್ಟಿದ್ದರು, 'ಅದೇ ಎಂಜೈಮೇ ಸಾರ್' ಅಂತ. ಲೇಬಲ್ ಓದಿ. ಅಂಥ ಸಿರಪ್ಪುಗಳಲ್ಲಿ ಸಾಮಾನ್ಯವಾಗಿ ಇರುವುದು ಪಿಷ್ಟ ಕರಗಿಸುವ ಡಯಾಸ್ಟೇಸು, ಜೊತೆಗೆ ಪೆಪ್ಸಿನ್ನೋ ಪಪ್ಪಾಯಿಯ ಪಪೇನೋ. ಕೊಬ್ಬು ಕರಗಿಸುವ ಲೈಪೇಸ್ ಇರುವುದಿಲ್ಲ. ನಮ್ಮ ನಾಯಿಗಳಿಗೆ ಮುಖ್ಯವಾಗಿ ಬೇಕಾದದ್ದೇ ಅದು. ನಿಮಗೆ ಬೇಕಾದ ಹೆಸರು ಪ್ಯಾಂಕ್ರಿಯಾಟಿನ್. ಅದನ್ನು ಹಂದಿಯ ಗ್ರಂಥಿಯಿಂದಲೇ ತೆಗೆಯುತ್ತಾರೆ, ಸುತ್ತಿ ಬಳಸಿ ಹೇಳುವುದು ಬೇಡ. ನಮ್ಮ ಅವ್ವನಿಗೆ ಇದನ್ನು ಹೇಳಲು ನನಗೆ ಹತ್ತು ದಿನ ಬೇಕಾಯಿತು. ಕೇಳಿದ ಮೇಲೆ ಅವ್ವ ಒಂದು ಹೊತ್ತು ಮಾತಾಡಲಿಲ್ಲ. ಆಮೇಲೆ, 'ನಾಯಿ ಶಿವಪೂಜೆ ಮಾಡ್ತತೇನು? ಹಾಕು. ಆದ್ರೆ ನನ್ನ ಒಲೆ ಹತ್ರ ತರಬ್ಯಾಡ' ಅಂದಳು. ಅಂದಿನಿಂದ ಭೀಮನ ಅಡುಗೆಮನೆ ಹಿತ್ತಲಲ್ಲಿ, ಒಂದು ಚಿಕ್ಕ ಗ್ಯಾಸ್ ಒಲೆ, ಎರಡು ಪಾತ್ರೆ.

ಮನುಷ್ಯರಿಗೆಂದು ಮಾಡಿದ ಕ್ಯಾಪ್ಸೂಲಿನ ಒಳಗೆ ಇರುವುದು ಸಣ್ಣ ಮಣಿಗಳು. ಹೊಟ್ಟೆಯ ಆಮ್ಲಕ್ಕೆ ಕರಗದ ಹಾಗೆ ಅವುಗಳ ಮೇಲೆ ಒಂದು ಲೇಪ ಇರುತ್ತದೆ. ನಾಯಿಗಳಿಗೆ ಲೇಪವಿಲ್ಲದ ಪುಡಿಯೇ ವಾಸಿ ಅಂತ ಪಶುವೈದ್ಯರು ಸಾಮಾನ್ಯವಾಗಿ ಹೇಳುತ್ತಾರೆ, ಆದರೆ ನಮ್ಮ ಊರಲ್ಲಿ ಆ ಪುಡಿ ಕೈಗೆ ಸಿಗುವುದು ಕಷ್ಟ. ಭೀಮನಿಗೆ ಡಾಕ್ಟರ್ ಮೊದಲು ಊಟಕ್ಕೆ 25,000 ಯೂನಿಟ್ಟಿನ ಎರಡು ಕ್ಯಾಪ್ಸೂಲ್ ಹೇಳಿದ್ದರು, ಕಕ್ಕ ನೋಡಿಕೊಂಡು ಆಮೇಲೆ ಮೂರು ಮಾಡಿದರು. ಅದು ಅವನ ಲೆಕ್ಕ, ನಿಮ್ಮದಕ್ಕೆ ನಕಲು ಮಾಡಬೇಡಿ. ಬಿಡಿಸಿ ಊಟಕ್ಕೆ ಕಲಸಿ, ಇಡೀ ಕ್ಯಾಪ್ಸೂಲ್ ನುಂಗಿಸಬೇಡಿ. ಊಟ ಆರಿರಬೇಕು. ಬೆರಳಿಟ್ಟರೆ ಬಿಸಿ ತಾಗಬಾರದು, ಎಂಜೈಮು ಬಿಸಿಗೆ ಸತ್ತುಹೋಗುತ್ತದೆ. ಸ್ವಲ್ಪ ನೀರು ಹಾಕಿ ಕಲಸಿ. ಒಣಗಿದ್ದಾಗ ತುಟಿಗೆ, ವಸಡಿಗೆ ಮೆತ್ತಿಕೊಂಡು ಹುಣ್ಣಾಗಬಹುದು. ಭೀಮನಿಗೆ ಎರಡನೇ ತಿಂಗಳಲ್ಲಿ ವಸಡಿನಿಂದ ರಕ್ತ ಬಂದಿತ್ತು. ಹಾಗಾದರೆ ಡಾಕ್ಟರಿಗೆ ತಿಳಿಸಿ, ಪ್ರಮಾಣ ಇಳಿಸಬೇಕಾಗಬಹುದು. ಇನ್ನೊಂದು, ಕ್ಯಾಪ್ಸೂಲ್ ಡಬ್ಬಿಯನ್ನು ಏಪ್ರಿಲ್ ಬಿಸಿಲಲ್ಲಿ ನಿಂತ ಬೈಕಿನ ಡಿಕ್ಕಿಯಲ್ಲಿ ಬಿಡಬೇಡಿ.

ಖರ್ಚು ತಗ್ಗಿಸಲು ಕೆಲವರು ಕುರಿ, ದನದ ಹಸಿ ಗ್ರಂಥಿಯನ್ನೇ ಕತ್ತರಿಸಿ, ಫ್ರೀಜರಿನಲ್ಲಿ ಇಟ್ಟು, ಬೇಯಿಸದೆ ಕೊಡುತ್ತಾರೆ. ಕೆಲಸ ಮಾಡುತ್ತದೆ, ಅದರಲ್ಲಿ ಅನುಮಾನವಿಲ್ಲ. ನನ್ನ ಗೆಳೆಯನೊಬ್ಬ ಮಟನ್ ಅಂಗಡಿಯಿಂದ ತಂದುಕೊಡಲು ತಯಾರಿದ್ದ. ನಾನು ಹಿಂದೆ ಸರಿದದ್ದು ಅವ್ವನ ಕಾರಣಕ್ಕಲ್ಲ. ಅಂಗಡಿಯವನಿಗೆ ಆ ಗ್ರಂಥಿ ಯಾವುದೆಂದು ಸರಿಯಾಗಿ ಗೊತ್ತಿರಲಿಲ್ಲ, ಜೊತೆಗೆ ಚೂರುಪಾರು ಪಿತ್ತಜನಕಾಂಗ, ಶ್ವಾಸಕೋಶ ಎಲ್ಲ ಸೇರಿಸಿ ಕಟ್ಟಿಕೊಡುತ್ತಿದ್ದ. ಕುರಿಯ ಹಸಿ ಒಳಾಂಗದಲ್ಲಿ ಲಾಡಿಹುಳದ ನೀರುಗುಳ್ಳೆ ಇದ್ದರೆ ನಾಯಿಗೆ ಆ ಹುಳ ಬರುತ್ತದೆ, ನಾಯಿಯ ಮಲದ ಮೂಲಕ ಅದರ ಮೊಟ್ಟೆ ಮನುಷ್ಯರಿಗೂ ದಾಟುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದವು. ತಿಂಗಳಿಗೆ ಬರೀ ಕ್ಯಾಪ್ಸೂಲಿಗೇ ಏಳೆಂಟು ಸಾವಿರ ಹೋದರೂ ಸರಿ ಅಂತ ಬಿಟ್ಟೆ.

ಈಗ ನಿಮ್ಮ ನಿಜವಾದ ತೊಂದರೆಗೆ ಬರುತ್ತೇನೆ. ಕಕ್ಕ ಸುಧಾರಿಸಿ ತೂಕ ನಿಂತಿದೆ ಅಂದರೆ ನನಗೆ ಮೊದಲು ಅನುಮಾನ ಬರುವುದು ಬಿ-12 ಜೀವಸತ್ವದ ಕೊರತೆ ಮೇಲೆ. ಭೀಮನದ್ದು ಥೇಟ್ ಹೀಗೇ ಆಗಿತ್ತು. 31 ಕೆಜಿ ಇದ್ದವನು 21.5ಕ್ಕೆ ಇಳಿದಿದ್ದ, ಕ್ಯಾಪ್ಸೂಲ್ ಶುರುವಾದ ಮೇಲೆ 23ಕ್ಕೆ ಬಂದು ಕೂತುಬಿಟ್ಟ. ನಾನು ಊಟ ಹೆಚ್ಚಿಸಿದೆ, ತುಪ್ಪ ಹಾಕಿದೆ, ಕ್ಯಾಪ್ಸೂಲ್ ಬ್ರ್ಯಾಂಡ್ ಬದಲಿಸಿದೆ. ಒಂದೂವರೆ ತಿಂಗಳು ಹೀಗೇ ಹೋಯಿತು. ಆ ಮೊದಲು ತೋರಿಸಿದ್ದ ಕಡೆ ಮೂರು ಸಲ ಜಂತಿನ ಮಾತ್ರೆ ಕೊಟ್ಟು ಕಳಿಸಿದ್ದರು, ಹಾಗಾಗಿ ನನಗೂ ಇನ್ನೊಂದು ಪರೀಕ್ಷೆ ಅಂದರೆ ಬೇಸರ. ಕೊನೆಗೆ ಬೇರೆ ಡಾಕ್ಟರ್ ರಕ್ತ ತೆಗೆದು ಬೆಂಗಳೂರಿಗೆ ಕಳಿಸಿದರು. ಬಿ-12 ನೆಲ ಕಚ್ಚಿತ್ತು.

ಕಾರಣ ಕೇಳಿದಾಗ ಅವರು ಹೇಳಿದ್ದು ಈಗಲೂ ನೆನಪಿದೆ. ಬಿ-12 ಕರುಳಿನಲ್ಲಿ ಹೀರಲ್ಪಡಬೇಕಾದರೆ ಅದನ್ನು ಕೈಹಿಡಿದು ಕರೆದೊಯ್ಯುವ ಒಂದು ಪ್ರೋಟೀನ್ ಬೇಕು. ಮನುಷ್ಯರಲ್ಲಿ ಅದು ಹೊಟ್ಟೆಯಲ್ಲಿ ತಯಾರಾದರೆ, ನಾಯಿಗಳಲ್ಲಿ ಬಹುಪಾಲು ತಯಾರಾಗುವುದು ಇದೇ ಮೇದೋಜೀರಕ ಗ್ರಂಥಿಯಲ್ಲಿ. ಗ್ರಂಥಿ ಹೋದರೆ ಅದೂ ಹೋಯಿತು. ಕ್ಯಾಪ್ಸೂಲಿನಲ್ಲಿ ಅದು ಬರುವುದಿಲ್ಲ. ಸಾಲದ್ದಕ್ಕೆ, ಜೀರ್ಣವಾಗದೆ ಉಳಿದ ಊಟ ತಿಂದು ಕರುಳಲ್ಲಿ ಬ್ಯಾಕ್ಟೀರಿಯಾ ಹೆಚ್ಚುತ್ತವೆ, ಇದ್ದಬದ್ದ ಬಿ-12 ಅವೇ ಕಬಳಿಸುತ್ತವೆ. ವಾರಕ್ಕೊಂದರಂತೆ ಆರು ವಾರ ಚರ್ಮದಡಿ ಇಂಜೆಕ್ಷನ್, ತಿಂಗಳು ಬಿಟ್ಟು ಇನ್ನೊಂದು, ಆಮೇಲೆ ಮತ್ತೆ ಪರೀಕ್ಷೆ. ತೂಕದ ಮೇಲೆ ಪ್ರಮಾಣ ಡಾಕ್ಟರೇ ಹೇಳಬೇಕು. ಈಗ ದಿನಾ ಮಾತ್ರೆ ಕೊಟ್ಟೂ ಸರಿದೂಗಿಸುತ್ತಾರೆ, ಸೂಜಿಗೆ ಹೆದರುವ ನಾಯಿಗೆ ಅದು ಸುಲಭ. ಭೀಮ ಮೂರನೇ ಇಂಜೆಕ್ಷನ್ ಆದ ಮೇಲೆ ಒಂದು ಸಂಜೆ ಗೇಟಿನ ಹತ್ತಿರ ಹಾಲಿನವನನ್ನು ನೋಡಿ ಬೊಗಳಿದ. ಎಷ್ಟೋ ತಿಂಗಳ ಮೇಲೆ ಕೇಳಿದ ಬೊಗಳು ಅದು. ಅವ್ವ ಒಳಗಿಂದ ಓಡಿ ಬಂದಳು.

ಬಿ-12 ಸರಿಯಿದ್ದೂ ಏರದಿದ್ದರೆ, ಬ್ಯಾಕ್ಟೀರಿಯಾಗೆ ಟೈಲೋಸಿನ್‌ನಂಥ ಆ್ಯಂಟಿಬಯಾಟಿಕ್, ಹೊಟ್ಟೆಯ ಆಮ್ಲ ತಗ್ಗಿಸುವ ಮಾತ್ರೆ, ಸಕ್ಕರೆ ಕಾಯಿಲೆಯ ಪರೀಕ್ಷೆ, ಇವುಗಳ ಬಗ್ಗೆ ಡಾಕ್ಟರನ್ನು ಕೇಳಿ. ನೀವೇ ತಂದು ಶುರು ಮಾಡಬೇಡಿ.

ಊಟದ ಬಗ್ಗೆ ಜನ ಸುಮ್ಮನೆ ತಲೆ ಕೆಡಿಸಿಕೊಳ್ಳುತ್ತಾರೆ ಅನ್ನುವುದು ನನ್ನ ಅಭಿಪ್ರಾಯ. ನಾರು ಕಡಿಮೆ, ಸುಲಭಕ್ಕೆ ಅರಗುವಂಥದ್ದು, ದಿನಕ್ಕೆ ಎರಡು ಮೂರು ಹೊತ್ತು ಹಂಚಿ. ನಾರು ಹೆಚ್ಚಾದರೆ ಎಂಜೈಮಿನ ಕೆಲಸಕ್ಕೆ ಅಡ್ಡ ಬರುತ್ತದೆ. ಹಾಗಾಗಿ ರಾಗಿ ಮುದ್ದೆ, ಜೋಳದ ರೊಟ್ಟಿ, ಮೆಕ್ಕೆಜೋಳದ ನುಚ್ಚು, ಸೊಪ್ಪು, ತರಕಾರಿ ಸಿಪ್ಪೆ ಬೇಡ. ನಮ್ಮ ಕಡೆ ನಾಯಿಗೆ ಹಾಕುವುದೇ ಇವನ್ನು, ಅದೇ ಪಜೀತಿ. ಮೆತ್ತಗೆ ಬೆಂದ ಬಿಳಿ ಅನ್ನ ಸರಿ. ಮೊಸರು ಅನೇಕ ನಾಯಿಗಳಿಗೆ ಒಗ್ಗುತ್ತದೆ, ಸ್ವಲ್ಪದಿಂದ ಶುರು ಮಾಡಿ ನೋಡಿ. ಆದರೆ ಬರೀ ಮೊಸರನ್ನದಲ್ಲಿ ಎಲುಬಿನ ಮೇಲೆ ಮಾಂಸ ಹತ್ತುವುದಿಲ್ಲ, ಪ್ರೋಟೀನ್ ಬೇಕು. ಹಿತ್ತಲಲ್ಲಿ ನಾನು ಬೇಯಿಸುವುದು ಮೊಟ್ಟೆ ಮತ್ತು ಚರ್ಮ ತೆಗೆದ, ಮೂಳೆ ಇಲ್ಲದ ಕೋಳಿ. ನಿಮ್ಮಲ್ಲಿ ಅದೂ ಆಗದಿದ್ದರೆ, ಹೊಟ್ಟೆ ತೊಂದರೆಯ ನಾಯಿಗಳಿಗೆಂದೇ ಮಾಡಿದ ಪ್ಯಾಕೆಟ್ ಆಹಾರ ಡಾಕ್ಟರ್ ಹೇಳುತ್ತಾರೆ, ನೀರಲ್ಲಿ ನೆನೆಸಿ ಕೊಡಿ, ಒಲೆ ಹಚ್ಚುವ ಪ್ರಶ್ನೆಯೇ ಇಲ್ಲ. ಕೊಬ್ಬನ್ನು ತುಂಬ ಕಡಿಮೆ ಮಾಡಬೇಕು ಅಂತ ಹಿಂದೆ ಹೇಳುತ್ತಿದ್ದರು, ಅದು ಬೇಕಿಲ್ಲ. ಕೊಬ್ಬಿಲ್ಲದೆ ಶಕ್ತಿ ಎಲ್ಲಿಂದ ಬರಬೇಕು, ಕೊಬ್ಬಲ್ಲಿ ಕರಗುವ ಎ, ಇ, ಕೆ ಜೀವಸತ್ವ ಹೇಗೆ ಸೇರಬೇಕು? ಹಾಗಂತ ನನ್ನ ಥರ ಚಮಚಗಟ್ಟಲೆ ತುಪ್ಪವೂ ಬೇಡ.

ನಮ್ಮ ಮನೆಯಲ್ಲಿ ಪಥ್ಯ ಮಾಡಬೇಕಾದದ್ದು ನಾಯಿ ಅಲ್ಲ, ಜನ. ಎಂಜೈಮ್ ಕಲಸದ ಒಂದು ತುತ್ತು ಬಾಯಿಗೆ ಬಿದ್ದರೂ ಮರುದಿನ ಬೆಳಿಗ್ಗೆ ಅಂಗಳದಲ್ಲಿ ಹಳದಿ, ಜಿಡ್ಡು ಜಿಡ್ಡು ರಾಶಿ. ಪಾಪ, ಹಸಿವಿನ ಕಣ್ಣು ಬಿಟ್ಟುಕೊಂಡು ಕೂತರೆ ಯಾರಿಗಾದರೂ ಕರುಳು ಕಿತ್ತು ಬರುತ್ತದೆ. ಅತ್ತೆ ಮಗ ಗ್ಲೂಕೋಸ್ ಬಿಸ್ಕೆಟ್ ಹಾಕುತ್ತಿದ್ದ. ಮಕ್ಕಳು ಸಂಜೆ ತಿನ್ನುವ ಮಂಡಕ್ಕಿ ಕೆಳಗೆ ಬಿದ್ದದ್ದೆಲ್ಲ ಇವನದ್ದು. ಬೇಸರವಾಗಿ ಗೇಟಿಗೆ ಬೋರ್ಡ್ ಬರೆದು ಹಾಕಿದೆ: 'ನಾಯಿಗೆ ಏನೂ ಹಾಕಬೇಡಿ, ಕಾಯಿಲೆ ಇದೆ'. ಓಣಿಯವರು ಅದನ್ನು ಓದಿ ನಾಯಿಗೆ ಹುಚ್ಚು ಹಿಡಿದಿದೆ ಅಂದುಕೊಂಡು ಒಂದು ವಾರ ಆ ಕಡೆ ತಲೆ ಹಾಕಲಿಲ್ಲ!

ಎಲ್ಲಕ್ಕಿಂತ ದೊಡ್ಡ ಏಟು ಬಿದ್ದದ್ದು ದುಗ್ಗಮ್ಮನ ಜಾತ್ರೆಯಲ್ಲಿ. ಎರಡು ವರ್ಷಕ್ಕೊಮ್ಮೆ ಆಗುವ ಆ ಜಾತ್ರೆಯ ಹೊತ್ತಿಗೆ ದಾವಣಗೆರೆಯಲ್ಲಿ ಎಷ್ಟು ಮಟನ್ ಬೇಯುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ಗೇಟ್ ಯಾರೋ ತೆರೆದಿಟ್ಟರು, ಭೀಮ ನಾಲ್ಕು ಮನೆ ಎಂಜಲೆಲೆ ಮುಗಿಸಿ ಬಂದ. ಆಮೇಲೆ ಹತ್ತು ದಿನ ಹೊಟ್ಟೆ ಗುಡುಗು, ಭೇದಿ, ಎರಡು ಕೆಜಿ ಮಾಯ. ಈಗ ಜಾತ್ರೆಯ ವಾರ ಅವನನ್ನು ಹರಿಹರದ ಅಕ್ಕನ ಮನೆಗೆ ಬಿಡುತ್ತೇನೆ, ಡಬ್ಬಿ ತುಂಬ ಕ್ಯಾಪ್ಸೂಲ್ ಕೊಟ್ಟು. ತನ್ನ ಕಕ್ಕ ತಾನೇ ತಿನ್ನುವ ಚಾಳಿಯೂ ಇದ್ದರೆ ಬೈಯಬೇಡಿ, ಅದು ಈ ಕಾಯಿಲೆಯದ್ದೇ. ಮಾಡಿದ ಕೂಡಲೇ ಎತ್ತಿಬಿಡಿ.

ವಾರಕ್ಕೊಮ್ಮೆ, ಒಂದೇ ದಿನ, ಊಟಕ್ಕೆ ಮೊದಲು ತೂಗಿ ಕ್ಯಾಲೆಂಡರಿನಲ್ಲಿ ಬರೆಯಿರಿ. ನಾನು ಮೆಕ್ಕೆಜೋಳದ ಚೀಲ ತೂಗುವ ಪರಿಚಯದವರ ತಕ್ಕಡಿ ಮೇಲೆ ನಿಲ್ಲಿಸುತ್ತಿದ್ದೆ, ಹಮಾಲರೆಲ್ಲ 'ಈ ವಾರ ಎಷ್ಟಾದನಪ್ಪ ಭೀಮ?' ಅಂತ ಕೇಳುವಷ್ಟು ರೂಢಿಯಾಗಿತ್ತು. ಇಂಜೆಕ್ಷನ್ ಶುರುವಾದ ಐದು ತಿಂಗಳಿಗೆ 30 ಮುಟ್ಟಿದ. ನಿಮ್ಮದಕ್ಕೆ ಬೇಗವೂ ಆಗಬಹುದು, ತಡವೂ ಆಗಬಹುದು. ಹಾಂ, ಮರಿ ಮಾಡಿಸುವ ಯೋಚನೆ ಇದ್ದರೆ ಈಗಲೇ ಬಿಡಿ, ಈ ತಳಿಯಲ್ಲಿ ಇದು ವಂಶದಲ್ಲಿ ಬರುತ್ತದೆ.

ಈ ವಾರವೇ ಬಿ-12 ಪರೀಕ್ಷೆ ಮಾಡಿಸಿ, ಜೊತೆಗೆ ಫೋಲೇಟ್ (ಇನ್ನೊಂದು ಬಿ ಜೀವಸತ್ವ) ಕೂಡ. ಆ ರಿಪೋರ್ಟ್ ಬರುವವರೆಗೆ ಕ್ಯಾಪ್ಸೂಲನ್ನಾಗಲಿ ಊಟವನ್ನಾಗಲಿ ಬದಲಿಸಬೇಡಿ, ಯಾವುದರಿಂದ ಏನಾಯಿತು ಅಂತ ಆಮೇಲೆ ಗೊತ್ತಾಗುವುದಿಲ್ಲ. ಬಂದ ಮೇಲೆ ಅದರಲ್ಲಿರುವ ಅಂಕಿ, ಈಗ ಊಟಕ್ಕೆ ಎಷ್ಟು ಕ್ಯಾಪ್ಸೂಲ್ ಹಾಕುತ್ತಿದ್ದೀರಿ, ಮನೆಯಲ್ಲಿ ಕದ್ದು ಬಿಸ್ಕೆಟ್ ಹಾಕುವವರು ಯಾರು, ಮೂರನ್ನೂ ಇಲ್ಲೇ ಬರೆಯಿರಿ.